ಒಪ್ಪಂದ ಮುರಿದ ಮೇಲೆ ಕೂಗಾಡುವವನಿಗೇ ಮೊದಲು ಕೊಡಬೇಕೇ?

ಸಾಲ ಕೊಟ್ಟವರನ್ನೆಲ್ಲ ಒಪ್ಪಿಸಿ, ಕಾಗದಪತ್ರ ಮಾಡಿಕೊಂಡು ಕಟ್ಟುತ್ತಿದ್ದ ಕಂತು ನಡುವೆಯೇ ನಿಂತುಹೋದಾಗ ಹೆಚ್ಚಿನವರು ಫೋನ್ ಆಫ್ ಮಾಡಿ ಕೂರುತ್ತಾರೆ. ಇಲ್ಲವೇ ಯಾರು ಜೋರಾಗಿ ಕೂಗಾಡುತ್ತಾರೋ ಅವರಿಗೆ ಕೈಯಲ್ಲಿದ್ದದ್ದನ್ನು ಸುರಿದು ಒಂದು ವಾರದ ನೆಮ್ಮದಿ ಕೊಳ್ಳುತ್ತಾರೆ. ಎರಡನೆಯದೇ ಹೆಚ್ಚು ಕೆಟ್ಟದ್ದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅತ್ತ ಮಗುವಿಗೆ ಹಾಲು ಎಂಬ ನ್ಯಾಯ ಸಾಲದಲ್ಲಿ ನಡೆಯಬಾರದು. ಕೂಗುವವನ ಹತ್ತಿರ ಸಾಮಾನ್ಯವಾಗಿ ಕೂಗುವುದು ಬಿಟ್ಟರೆ ಸದ್ಯಕ್ಕೆ ಬೇರೇನೂ ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿಗೋ ವೈಯಕ್ತಿಕ ಸಾಲಕ್ಕೋ ಅಡಮಾನವಿಲ್ಲ. ಅವನು ದಾವೆ ಹೂಡಬೇಕು, ಡಿಕ್ರಿ ತರಬೇಕು, ಆಮೇಲೆ ಜಾರಿಗೆ ಓಡಾಡಬೇಕು. ಮನೆ ಪತ್ರ ಇಟ್ಟುಕೊಂಡವನು ಸೌಜನ್ಯದಿಂದಲೇ ಮಾತನಾಡುತ್ತಾನೆ, ಅವನಿಗೆ ಗಂಟಲು ಹರಿದುಕೊಳ್ಳುವ ಅಗತ್ಯವಿಲ್ಲ. ಭಾರತದ 2002ರ ಸರ್ಫೇಸಿ ಕಾಯ್ದೆಯನ್ನೇ ನೋಡಿ: 60 ದಿನಗಳ ನೋಟಿಸ್ ಅವಧಿ ಮುಗಿದರೆ, ಕೋರ್ಟಿನ ತೀರ್ಪಿಗೆ ಕಾಯದೆ ಬ್ಯಾಂಕು ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯುವ ಕ್ರಮಕ್ಕೆ ಇಳಿಯಬಹುದು. ಹಾಗಾಗಿ ತಲೆಯ ಮೇಲಿನ ಸೂರು ಮೊದಲು, ಕಾರ್ಡ್ ಆಮೇಲೆ. ಕಾರ್ಡಿನವರಿಗೆ ಇದು ಹಿಡಿಸುವುದಿಲ್ಲ. ಹಿಡಿಸಬೇಕಾಗಿಯೂ ಇಲ್ಲ.

ಒಪ್ಪಂದ ಬಿದ್ದರೆ ಅದರೊಳಗಿನ ರಿಯಾಯಿತಿಯೂ ಬೀಳುತ್ತದೆ ಎಂಬುದು ಅನೇಕರಿಗೆ ನೋಟಿಸ್ ಬಂದಮೇಲಷ್ಟೇ ತಿಳಿಯುತ್ತದೆ. ಕೆನಡಾದಲ್ಲಿ ಸಾಲ ಕೊಟ್ಟವರೊಂದಿಗೆ ಕಾನೂನಿನಡಿ ಮಾಡಿಕೊಳ್ಳುವ ಕಂತಿನ ಒಪ್ಪಂದವಾದ ಕನ್ಸ್ಯೂಮರ್ ಪ್ರಪೋಸಲ್‌ನಲ್ಲಿ ಮೂರು ಮಾಸಿಕ ಕಂತು ಬಾಕಿಯಾದರೆ ಅದು ತಾನಾಗಿಯೇ ರದ್ದಾಗಿ ಹಳೆಯ ಸಾಲ ತಲೆಯೆತ್ತುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 5–6 ವರ್ಷ ನಡೆಯುವ ಐವಿಎ (ಅಲ್ಲಿನ ಇಂಥದ್ದೇ ಕಾನೂನುಬದ್ಧ ಕಂತಿನ ಒಪ್ಪಂದ) ವಿಫಲವಾದರೆ, ತಡೆಹಿಡಿದಿದ್ದ ಬಡ್ಡಿಯನ್ನೂ ಹಿಂದಿನಿಂದ ಲೆಕ್ಕ ಹಾಕಿ ಸೇರಿಸಬಹುದು. ಕಟ್ಟಿದ ಹಣದಲ್ಲಿ ಒಂದು ಪಾಲು ಒಪ್ಪಂದ ನಡೆಸಿದವರ ಶುಲ್ಕಕ್ಕೇ ಹೋಗಿರುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದವನಿಗೆ ಅಸಲು ಇಷ್ಟೇ ಕರಗಿದ್ದೇ ಎಂದು ಗಾಬರಿಯಾಗುವುದು ಸಹಜ.

ಅದಕ್ಕೇ ಮೊದಲು ಕೇಳಬೇಕಾದದ್ದು ಲೆಕ್ಕ. ‘ಇವತ್ತು ಸಂಜೆಯೊಳಗೆ ಎಷ್ಟಾದರೂ ಸರಿ, ಹಾಕಿಬಿಡಿ ಸರ್’ ಎನ್ನುವವನಿಗೆ ‘ಖಾತೆಯ ಪೂರ್ತಿ ವಿವರ ಲಿಖಿತವಾಗಿ ಕಳುಹಿಸಿ, ನೋಡಿ ಉತ್ತರಿಸುತ್ತೇನೆ’ ಎಂದಷ್ಟೇ ಹೇಳಿ. ವಿವರ ಬಂದಾಗ ಕೊನೆಯ ಮೊತ್ತ ನೋಡಿ ಎದೆ ಒಡೆದುಕೊಳ್ಳಬೇಡಿ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ. ಒಪ್ಪಂದದ ಕಾಲದ ಕಂತುಗಳೆಲ್ಲ ಜಮೆಯಾಗಿವೆಯೇ? ‘ಇತರೆ ಶುಲ್ಕ’ ಎಂಬ ಸಾಲಿನಲ್ಲಿ ಏನೇನು ತುರುಕಿದ್ದಾರೆ? ಸಾಲ ಬೇರೆ ಕಂಪನಿಗೆ ಮಾರಾಟವಾಗಿದ್ದರೆ ಅದರ ಪತ್ರ ಎಲ್ಲಿ? ಬ್ಯಾಂಕಿನ ಜಮಾ ರಸೀದಿಯ ಜೊತೆ ತಾಳೆ ನೋಡುವ ಈ ಬೇಸರದ ಕೆಲಸವನ್ನು ನಿಮಗಾಗಿ ಇನ್ಯಾರೂ ಮಾಡುವುದಿಲ್ಲ.

ಹಳೆಯ ಸಾಲವಾದರೆ ಇನ್ನೊಂದು ಸೂಕ್ಷ್ಮವಿದೆ. ಸಾಲದ ದಾವೆಗೆ ಕಾಲಮಿತಿ ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6. ಅಡಮಾನದ ಸಾಲಕ್ಕೆ ಬೇರೆ ಲೆಕ್ಕ. ಅವಧಿ ಮುಗಿಯುವ ಮೊದಲು ಸಾಲವಿದೆ ಎಂದು ಬರೆದು ಸಹಿ ಹಾಕಿದರೂ, ಒಂದು ಸಣ್ಣ ಮೊತ್ತ ಕಟ್ಟಿದರೂ ಗಡಿಯಾರ ಮತ್ತೆ ಮೊದಲಿನಿಂದ ಓಡಬಹುದು. ‘ಎಷ್ಟಾದರೂ ಸರಿ’ ಎಂಬ ಮಾತಿನ ಹಿಂದೆ ಇದೂ ಇರಬಹುದು. ಸಾಲ ಮುಳುಗಿಸಿ ಎಂದು ಹೇಳುತ್ತಿಲ್ಲ. ಏನು ಮಾಡುತ್ತಿದ್ದೇನೆ ಎಂದು ತಿಳಿದು ಕಟ್ಟಿ ಎನ್ನುತ್ತಿದ್ದೇನೆ.

ಅಂದಹಾಗೆ, ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹೊತ್ತಲ್ಲದ ಹೊತ್ತಿನ ಕರೆಗಳ ಪಟ್ಟಿಯನ್ನು ದಿನಾಂಕ ಸಮೇತ ಇಟ್ಟುಕೊಂಡರೆ ದೂರು ಕೊಡುವಾಗ ಕೆಲಸಕ್ಕೆ ಬರುತ್ತದೆ.

ಲೆಕ್ಕ ಕೈಗೆ ಬಂದಮೇಲೆ ಹೊಸ ಪ್ರಸ್ತಾವ ಕೊಡಿ, ಆದರೆ ಹಳೆಯದಕ್ಕಿಂತ ಚಿಕ್ಕದಾಗಿರಲಿ. ಮುಜುಗರಕ್ಕೆ ಹೆದರಿ ದೊಡ್ಡ ಕಂತು ಒಪ್ಪಿಕೊಂಡರೆ ಅದೂ ಮುರಿಯುತ್ತದೆ. ಇನ್ನು ಜಾಮೀನು ಹಾಕಿದವರಿಗೆ ಸುದ್ದಿಯನ್ನು ನೀವೇ ತಿಳಿಸಿ, ಅದೂ ಇವತ್ತೇ. ನಿಮ್ಮ ಹೆಸರಿನ ನೋಟಿಸ್ ನಾಳೆ ಅವರ ಮನೆ ಬಾಗಿಲಿಗೂ ಹೋಗುತ್ತದೆ.