ದೆಹಲಿ ಗಾಡಿ ತಂದರೆ ಟ್ಯಾಕ್ಸ್ ಇಲ್ಲವೇ? ಒಂದು ಸ್ಪಷ್ಟನೆ

"ದೆಹಲಿಯ ಹಳೆ ಡೀಸೆಲ್ ರೇಂಜ್ ರೋವರ್ ಅಗ್ಗಕ್ಕೆ ಸಿಗುತ್ತೆ, ಬೆಂಗಳೂರಿಗೆ ತಂದು ಸುಮ್ನೆ ಓಡಿಸಿ, ಟ್ಯಾಕ್ಸ್ ಕಟ್ಟಬೇಕಿಲ್ಲ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಅಲ್ಲಿ ಬೆಲೆ ಬಿದ್ದಿರುವುದು ಹೌದು. ಕಾರಣ, 10 ವರ್ಷ ದಾಟಿದ ಡೀಸೆಲ್ ಗಾಡಿಗಳು ಅಲ್ಲಿ ಓಡಬಾರದೆಂಬ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿತ್ತು. ಆದರೆ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಕೆಎ ನಂಬರ್ ಬೇಕೇ ಬೇಕು. ಅದಕ್ಕೆ ಹಳೆ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಜೊತೆಗೆ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್. ಆ ಟ್ಯಾಕ್ಸ್‌ನ ಲೆಕ್ಕ ನೀವು ಕೊಟ್ಟ ದುಡ್ಡಿನ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ! ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ಅಷ್ಟೇ.

ಮೆಸೇಜ್‌ನಲ್ಲಿ ಇಲ್ಲದ ಇನ್ನೊಂದು ಖರ್ಚು ಇಂಥ ಗಾಡಿಗಳ ಏರ್ ಸಸ್ಪೆನ್ಶನ್. ಇದರಲ್ಲಿ ಗಾಡಿಯ ಭಾರ ಹೊರಲು ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ವರ್ಷಗಳು ಕಳೆದಂತೆ ರಬ್ಬರ್ ಬಿರುಕು ಬಿಡುತ್ತದೆ. ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ಮೇಲಿರುವ ಬಾಡಿಯ ಅಂಚು ನೆಲದಿಂದ ಎಷ್ಟು ಎತ್ತರವಿದೆ ಎಂದು ನಾಲ್ಕೂ ಕಡೆ ಟೇಪ್ ಹಿಡಿದು ಬರೆದುಕೊಳ್ಳಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಅಲ್ಲಿ ಗಾಳಿ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಮಾರುವವರು ರಾತ್ರಿಯಿಡೀ ನಿಲ್ಲಿಸಲು ಒಪ್ಪದಿದ್ದರೆ? ನಾನಾದರೆ ಕೀ ವಾಪಸ್ ಕೊಟ್ಟು ಬರುತ್ತೇನೆ.