ಫ್ಯಾಂಟಮ್, ಕರ್ಣ ಮತ್ತು ಅಡಿಕೆ ಸೊಸೈಟಿ

"ಅಂಕಲ್, ಮುಟ್ಬೇಡಿ ಪ್ಲೀಸ್."

ನಾನು ಮುಟ್ಟಿದ್ದು ಪುಸ್ತಕವನ್ನಲ್ಲ, ಅದಕ್ಕೆ ಹಾಕಿದ್ದ ಪ್ಲಾಸ್ಟಿಕ್ ಕವರನ್ನು. ಒಳಗೊಂದು ಹಳೇ ಇಂದ್ರಜಾಲ ಕಾಮಿಕ್ಸ್, ಅದರ ಬೆನ್ನಿಗೆ ಬಾಗದ ಹಾಗೆ ಒಂದು ರಟ್ಟು. ಪುಸ್ತಕದ ಮೇಲೆ ಪೈಸೆ ಲೆಕ್ಕದಲ್ಲಿ ಬೆಲೆ ಅಚ್ಚಾಗಿತ್ತು. ಕವರಿನ ಮೇಲಿನ ಚೀಟಿಯಲ್ಲಿ 3,500 ಎಂದಿತ್ತು. ಹೇಳಿದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಆ ಪುಸ್ತಕ ಬಂದಾಗ ಅವನ ಅಪ್ಪ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಿರಬೇಕು.

ಬೆಂಗಳೂರಿನಲ್ಲಿ ಈಚೆಗೆ ಇಂಥ ಕಾಮಿಕ್ಸ್ ಮೇಳಗಳು ಜಾಸ್ತಿಯಾಗಿವೆ. ಹೆಸರಿಗೆ ಕಾಮಿಕ್ಸ್ ಮೇಳ. ಒಳಗೆ ಹೋದರೆ ಬೊಂಬೆ, ಟೀ ಶರ್ಟು, ಕೀ ಚೈನು, ಗೇಮು. ರಟ್ಟಿನ ರಕ್ಷಾಕವಚ ತೊಟ್ಟ ಒಬ್ಬ ಯೋಧ ಮೊಮೋ ಸಾಲಿನಲ್ಲಿ ನಿಂತು ಬೆವರುತ್ತಿದ್ದ. ನನ್ನ ಕಾಲು ತುಳಿದು, ಕತ್ತಿ ಪಕ್ಕಕ್ಕೆ ಸರಿಸಿ 'ಸಾರಿ' ಅಂದ. ಇದೆಲ್ಲ ದಾಟಿ, ಟಾಯ್ಲೆಟ್ ಕಡೆ ತಿರುಗುವ ಮೂಲೆಗೆ ಬಂದರೆ ಎರಡು ಮೇಜು. ಹಳೇ ಪುಸ್ತಕ ಅಂತ ಇದ್ದಿದ್ದು ಅಷ್ಟೇ. ಅದನ್ನೂ ಮುಟ್ಟಬಾರದು.

ಕೈ ಹಿಂದೆ ಕಟ್ಟಿಕೊಂಡು ಕೇಳಿದೆ. "ಅಮರ ಚಿತ್ರ ಕಥೆಯ ಮೊದಲ ಹತ್ತರಲ್ಲಿ ಯಾವುದಾದ್ರೂ ಇದೆಯಾ? ಕನ್ನಡದ್ದು?"

"ಕನ್ನಡದಲ್ಲೂ ಬಂದಿತ್ತಾ ಅಂಕಲ್?"

ಬಂದಿತ್ತಾ ಅಂದರೆ! ಅದು ಶುರುವಾಗಿದ್ದೇ ಕನ್ನಡದಲ್ಲಿ ಮಾರಾಯ. 1965ರಲ್ಲಿ, ಇದೇ ಬೆಂಗಳೂರಿನಲ್ಲಿ. ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ತಲೆಯಲ್ಲಿ ಹುಟ್ಟಿದ್ದು. ಮೊದಲ ಹತ್ತರಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಸಿಂಡ್ರೆಲ್ಲಾ, ಪಿನೋಕಿಯೋ ಥರದ ಹೊರದೇಶದ ಕಥೆಗಳು. ಆಮೇಲೆ ಕಾರ್ಕಳದ ಅನಂತ ಪೈ ನಮ್ಮ ಪುರಾಣದ ಕಡೆ ತಿರುಗಿಸಿ ಊರೂರಿಗೆ ಮುಟ್ಟಿಸಿದರು, ಅದು ಎಲ್ಲರಿಗೂ ಗೊತ್ತು. ಆದರೆ ಇಂಗ್ಲಿಷಿನ 'ಕೃಷ್ಣ'ನ ಮೇಲೆ ಸಂಖ್ಯೆ 11 ಅಂತ ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ಹನ್ನೊಂದರಿಂದ ಯಾರಾದರೂ ಎಣಿಸಲು ಶುರು ಮಾಡುತ್ತಾರಾ? ಅದಕ್ಕೆ ಮುಂಚಿನ ಹತ್ತು ಎಲ್ಲಿ ಹೋಯಿತು?

ಇಷ್ಟನ್ನೂ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನಿಸುತ್ತದೆ, ಮೊಮೋ ಯೋಧ ತಿರುಗಿ ನೋಡಿದ. ಹುಡುಗ ಅಷ್ಟರಲ್ಲಿ ಫೋನಿನಲ್ಲಿ ಏನೋ ಹುಡುಕಿ ಮುಗಿಸಿದ್ದ. "ಹೌದು ಅಂಕಲ್, ಕರೆಕ್ಟ್. ಮನೇಲಿದ್ರೆ ತನ್ನಿ. ಕಂಡೀಷನ್ ನೋಡಿ ರೇಟ್ ಹೇಳ್ತೀನಿ."

ಈ ಕಂಡೀಷನ್ ಅನ್ನುವ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ ಕಂಪನಿಗಳಿವೆಯಂತೆ. ಪುಸ್ತಕ ಕಳಿಸಿದರೆ ಹತ್ತಕ್ಕೆ ಎಷ್ಟು ಅಂತ ಮಾರ್ಕು ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ವಾಪಸ್ ಕಳಿಸುತ್ತಾರೆ. ಬೆನ್ನಿನಲ್ಲಿ ಒಂದು ಗೆರೆ ಬಿದ್ದರೆ, ಪಿನ್ನು ತುಕ್ಕು ಹಿಡಿದರೆ ಮಾರ್ಕು ಕಟ್. ಡಬ್ಬಿ ಒಡೆದು ಓದಿದರೆ ಮಾರ್ಕೇ ಹೋಯಿತು. ಅಂದರೆ ಯಾರೂ ಓದದ ಪುಸ್ತಕಕ್ಕೇ ಫಸ್ಟ್ ರ್‍ಯಾಂಕು. ನಾವು ಹುಟ್ಟಿದ್ದು ಸಾಗರದ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಳಚಡ್ಡಿಯನ್ನೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು. ಕಾಮಿಕ್ಸಿನ ಪಿನ್ನಿಗೆ ತುಕ್ಕು ಹಿಡಿಯದೆ ಇನ್ನೇನು ಆಗಬೇಕಿತ್ತು?

ಪಿನ್ನಿನ ತುಕ್ಕಿಗೆ ನಮ್ಮ ಅಪ್ಪಯ್ಯನ ಹತ್ತಿರ ಔಷಧಿ ಇತ್ತು. ಬೈಂಡಿಂಗ್.

ಪೇಟೆಯ ಬಸ್‌ಸ್ಟ್ಯಾಂಡ್ ಹಿಂದಿನ ಪ್ರೆಸ್ಸಿನಲ್ಲಿ ಒಬ್ಬರಿದ್ದರು. ನಾವು ಬೈಂಡಿಂಗ್ ಮಾವ ಅನ್ನುತ್ತಿದ್ದೆವು. ಮೈದಾ ಅಂಟು ಕುದಿಸುವಾಗ ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ. ಹಾಗಾಗಿ ನನ್ನ ಕಾಮಿಕ್ಸಿಗೂ ನಮ್ಮ ತೋಟಕ್ಕೂ ಒಂದೇ ಔಷಧಿ. ಈಗಲೂ ಅವರು ಕಟ್ಟಿಕೊಟ್ಟ ನನ್ನ ಕಾಮಿಕ್ಸ್ ಸಂಪುಟದ ಬೆನ್ನಿನ ಹತ್ತಿರ ತೆಳು ನೀಲಿ ಕಲೆ ಕಾಣುತ್ತದೆ. ಗೆದ್ದಲು ಮಾತ್ರ ಇವತ್ತಿನವರೆಗೆ ಹತ್ತಿರ ಸುಳಿದಿಲ್ಲ.

ಮಾವನ ಕೆಲಸ ಗಟ್ಟಿ. ಆದರೆ ಅವರಿಗೆ ಅಂಚು ಸಮ ಇರಬೇಕು ಅನ್ನುವ ಒಂದು ಹಟ. ಎಲ್ಲ ಹೊಲಿದಾದ ಮೇಲೆ ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರೂ ಕಡೆ ಕತ್ತರಿಸಿಬಿಡುತ್ತಿದ್ದರು. ಪುಟದ ತಲೆಯಲ್ಲಿರುವ ಮಾತಿನ ಗುಳ್ಳೆಗಳ ಮೊದಲ ಸಾಲು ಹಾಗೇ ಕಸದ ಬುಟ್ಟಿಗೆ. ಸಾವಿತ್ರಿಯ ಕಥೆಯಲ್ಲಿ ಸತ್ಯವಾನನಿಗೆ ಇನ್ನು ಒಂದೇ ವರ್ಷ ಆಯಸ್ಸು ಅಂತ ನಾರದ ಹೇಳುತ್ತಾನಲ್ಲ, ಆ 'ಒಂದು ವರ್ಷ' ಮೆಷಿನ್ನಿಗೆ ಹೋಯಿತು. ನನ್ನ ಪ್ರತಿಯಲ್ಲಿ ಸತ್ಯವಾನ ಸಾಯುತ್ತಾನೆ ಅಂತ ಮಾತ್ರ ಇದೆ. ನಾನು ಆತ ಸಂಜೆಯೊಳಗೇ ಸಾಯುತ್ತಾನೆ ಅಂದುಕೊಂಡಿದ್ದೆ. ಆದರೂ ಸಾವಿತ್ರಿ ಮದುವೆಯಾಗುತ್ತಾಳೆ! ಅವಳ ಧೈರ್ಯಕ್ಕೆ ನಾನು ಕೊಟ್ಟಷ್ಟು ಮರ್ಯಾದೆ ಪೂರ್ತಿ ಪುಸ್ತಕ ಓದಿದವರು ಯಾರೂ ಕೊಟ್ಟಿರಲಾರರು.

ಅಪ್ಪಯ್ಯನದ್ದು ಇನ್ನೊಂದು ಲೆಕ್ಕ. ಬೈಂಡಿಂಗಿಗೆ ಕೊಡುವುದು ವಿಷಯ ನೋಡಿ ಅಲ್ಲ, ಅಳತೆ ನೋಡಿ. ಹೆಚ್ಚುಕಡಿಮೆ ಒಂದೇ ಅಳತೆಯದ್ದೆಲ್ಲ ಒಂದು ಕಟ್ಟು. ಹಾಗಾಗಿ ನನ್ನ ಸಂಪುಟದಲ್ಲಿ ಮೊದಲು ಮುಂಬೈಯಿಂದ ದೊಡ್ಡಮ್ಮನ ಮಗ ತಂದುಕೊಟ್ಟ ಇಂಗ್ಲಿಷ್ ಫ್ಯಾಂಟಮ್, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಾಡಿನ ವೀರನ ಕಾಮಿಕ್ಸು. ಕೊನೆಗೆ ಕರ್ಣ, ಸಾವಿತ್ರಿ. ನಡುವೆ ಅಡಿಕೆ ಬೆಳೆಗಾರರ ಸೊಸೈಟಿಯೊಂದರ ವಾರ್ಷಿಕ ವರದಿ.

ಏಳು ವರ್ಷದ ಹುಡುಗನಿಗೆ ಸಂಪುಟ ಅಂದರೆ ಸಂಪುಟ, ಮೊದಲಿನಿಂದ ಕೊನೆಯವರೆಗೆ ಓದಬೇಕು. ಡೆಂಕಾಲಿ ಕಾಡಿನಲ್ಲಿ ಫ್ಯಾಂಟಮ್ ಕುದುರೆ ಏರಿ ಮರೆಯಾಗುತ್ತಾನೆ. ಪುಟ ತಿರುವಿದರೆ ಕೋಟು, ಟೋಪಿ, ಕಿವಿಯಲ್ಲಿ ಒಂಟಿ ಹಾಕಿದ ಅಧ್ಯಕ್ಷರ ಫೋಟೋ. 'ಮಾನ್ಯ ಸದಸ್ಯ ಬಾಂಧವರೇ.' ನಾನು ಇವರು ಡೆಂಕಾಲಿಯ ಅಧ್ಯಕ್ಷರು ಅಂತಲೇ ಬಹಳ ದಿನ ನಂಬಿದ್ದೆ. ಆ ಕಾಡಿಗೂ ಒಬ್ಬರು ಅಧ್ಯಕ್ಷರು ಬೇಕಲ್ವಾ? ಆಮೇಲೆ ಆಸ್ತಿ, ಜವಾಬ್ದಾರಿ ಪಟ್ಟಿ. ಅದನ್ನು ಫ್ಯಾಂಟಮ್ಮಿನ ನಿಧಿಯ ಗುಹೆಯ ಲೆಕ್ಕ ಅಂತ ಓದಿದೆ. ಒಂದು ಮಳೆಗಾಲದ ಮಧ್ಯಾಹ್ನ ಬೇಜಾರಾಗಿ ಅಧ್ಯಕ್ಷರ ಕಣ್ಣಿಗೆ ನೀಲಿ ಬಾಲ್‌ಪೆನ್ನಿನಲ್ಲಿ ಫ್ಯಾಂಟಮ್ಮಿನ ಕಪ್ಪು ಪಟ್ಟಿ ಬರೆದೆ. ಅಪ್ಪಯ್ಯ ನೋಡಿ ಬೆನ್ನಿಗೆ ಎರಡು ಬಿಟ್ಟರು. ಅಧ್ಯಕ್ಷರು ನಮಗೆ ದೂರದ ನೆಂಟರಂತೆ.

ಎಲ್ಲಿದ್ದೆ? ಹಾಂ, ಕಂಡೀಷನ್. ಜನ ಯಾಕೆ ಹಳೇ ಕಾಮಿಕ್ಸ್ ಕೂಡಿಡುತ್ತಾರೆ ಅನ್ನುವುದರ ಬಗ್ಗೆ ನನ್ನದೊಂದು ಸಿದ್ಧಾಂತ ಇತ್ತು, ಅದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದು. ಇರಲಿ.

ಮೇಳದಿಂದ ಬರಿಗೈಯಲ್ಲಿ ಬರಲಿಲ್ಲ. ಒಂದು ಕೀ ಚೈನ್ ತಗೊಂಡೆ, ಇನ್ನೂರೈವತ್ತು ರೂಪಾಯಿ. ಮನೆಗೆ ಬಂದವನೇ ಅಟ್ಟದಿಂದ ಸಂಪುಟ ಇಳಿಸಿದೆ. ಹತ್ತಕ್ಕೆ ಎಷ್ಟು ಬರಬಹುದು ನೋಡೋಣ ಅಂತ ಸುಮ್ನೆ ಒಂದು ಕುತೂಹಲ. ಎರಡು ಸಲ ಸೀನಿದೆ. "ಆ ಬೂಷ್ಟು ಹಿಡಿದಿದ್ದನ್ನ ಹಾಸಿಗೆ ಮೇಲೆ ಇಡ್ಬೇಡಿ" ಅಂತ ಒಳಗಿನಿಂದ ಕೂಗು ಬಂತು. ಹಾಸಿಗೆಯ ಮೇಲೆಯೇ ಇಟ್ಟುಕೊಂಡು ಓದಿದೆ.

ಚಿಕ್ಕವನಾಗಿದ್ದಾಗ ವರದಿಯ ಕೊನೆಯ ಎರಡು ಪುಟ ಬರೀ ಹೆಸರುಗಳು ಅಂತ ಹಾರಿಸಿಬಿಡುತ್ತಿದ್ದೆ. ಈಗ ಕನ್ನಡಕ ಹಾಕಿಕೊಂಡು ನೋಡಿದರೆ ಅದು ಸಾಲ ಕಟ್ಟದ ಸುಸ್ತಿದಾರರ ಪಟ್ಟಿ. ಹದಿನಾಲ್ಕನೆಯ ಹೆಸರು ನಮ್ಮ ಅಜ್ಜನದ್ದು. ಬಾಕಿ 312 ರೂಪಾಯಿ 40 ಪೈಸೆ. ಮೇಲಿನ ಅಂಚು ಕತ್ತರಿಸಿ ಪಟ್ಟಿಯ ತಲೆಬರಹ ಅರ್ಧ ಹೋಗಿದೆ. ಹೆಸರು ಮಾತ್ರ ಪೂರ್ತಿ ಉಳಿದಿದೆ.

ಅಪ್ಪಯ್ಯ ಅಳತೆ ನೋಡಿಯೇ ಕೊಟ್ಟಿದ್ದಾ, ಇಲ್ಲಾ ಯಾರೂ ಹುಡುಕದ ಜಾಗ ಅಂತ ಫ್ಯಾಂಟಮ್‌ಗೂ ಕರ್ಣನಿಗೂ ನಡುವೆ ಸೇರಿಸಿದ್ದಾ? ಕೇಳೋಣ ಅಂದರೆ ಅವರಿಲ್ಲ. ಬೈಂಡಿಂಗ್ ಮಾವನೂ ಇಲ್ಲ. ಅಜ್ಜ ಆಮೇಲಾದರೂ ದುಡ್ಡು ಕಟ್ಟಿದ್ದನಾ? ಮುಂದಿನ ವರ್ಷದ ವರದಿ ನಮ್ಮ ಮನೆಯಲ್ಲಿಲ್ಲ. ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹುಡುಕಬೇಕು. ಕಂಡೀಷನ್ ಹೇಗಿದ್ದರೂ ಪರವಾಗಿಲ್ಲ.