ವೈಫೈ ಆರಿಸಿದ ಮನೆ

ನನ್ನ ಸೋದರಳಿಯ ಬೆಂಗಳೂರಿನಿಂದ ಬಳ್ಳಾರಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಲೋಪವನ್ನು ಪತ್ತೆ ಮಾಡದೆ ಹಿಂತಿರುಗುವುದಿಲ್ಲ. ಈ ಬೇಸಿಗೆಯಲ್ಲಿ ಅವನ ಕಣ್ಣು ಪಡಸಾಲೆಯ ರೌಟರಿನ ಮೇಲೆ ಬಿತ್ತು. ವೈಫೈ ಗೋಡೆಗೆ ನಿಲ್ಲುವಂಥದ್ದಲ್ಲ, ಮಾಳಿಗೆಯ ಮೇಲೂ ರಸ್ತೆಯಲ್ಲೂ ಸಿಗುತ್ತದೆ. ರೌಟರಿನೊಳಗೆ, ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈಗೆ ಸೇರಿಕೊಳ್ಳುವ ಡಬ್ಲ್ಯೂಪಿಎಸ್ ಎಂಬ ಸೌಲಭ್ಯವೊಂದಿದ್ದು, ಅದರ 8 ಅಂಕಿಗಳ ಪಿನ್ನನ್ನು ಯಂತ್ರವು ಎರಡು ತುಂಡಾಗಿ ಪರಿಶೀಲಿಸುವುದರಿಂದ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಕಳ್ಳನಿಗೆ ದಾರಿ ಸಿಕ್ಕಿಬಿಡುತ್ತದೆ. ಈ ಹುಳುಕು 2011ರಲ್ಲೇ ಬಯಲಾಗಿದೆ ಎಂದು ಒಗ್ಗರಣೆ ಮಿರ್ಚಿ ತಿನ್ನುತ್ತಲೇ ವಿವರಿಸಿದ ಅವನು, "ಅದನ್ನ ಮೊದಲು ಆಫ್ ಮಾಡ್ರಿ ಮಾಮ" ಎಂದವನೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ.

ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತೇ ನಿವೃತ್ತನಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ರೌಟರನ್ನು ಮಗುಚಿ, ಅದರ ಬೆನ್ನಿಗೆ ಅಂಟಿಸಿದ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿ, ಮೊಬೈಲಿನಲ್ಲಿ 192.168.1.1 ಎಂಬ ವಿಳಾಸದಲ್ಲಿ ರೌಟರಿನ ಸೆಟ್ಟಿಂಗ್ಸ್ ಪುಟವನ್ನು ತೆರೆದೆ. ಅಲ್ಲಿ ಡಬ್ಲ್ಯೂಪಿಎಸ್, ಡಬ್ಲ್ಯೂಪಿಎ2, ಡಬ್ಲ್ಯೂಎಲ್‌ಎಎನ್ ಎಂದು ಡಬ್ಲ್ಯೂ ಮನೆತನದ ಬಂಧುಬಳಗವೆಲ್ಲ ಸೇರಿತ್ತು. ಅಳಿಯ ಹೇಳಿದ್ದು ಇವರಲ್ಲಿ ಯಾರನ್ನು ಎಂಬುದು ನೆನಪಾಗಲಿಲ್ಲ. ಚಿಲಕ ಸರಿಯಿಲ್ಲದ ಬಾಗಿಲಿದ್ದರೆ ಅದಕ್ಕೆ ಗೋಡೆಯನ್ನೇ ಕಟ್ಟಿಬಿಡುವುದು ಲೇಸೆಂದು ಬಗೆದು, ವೈರ್‌ಲೆಸ್ ಎಂಬುದರ ಮುಂದಿದ್ದ ಗುರುತನ್ನೇ ತೆಗೆದು ಸೇವ್ ಒತ್ತಿದೆ.

ಪರದೆಯ ಮೇಲೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ನಾನು ರೌಟರನ್ನು ತಲುಪಿದ್ದೇ ವೈಫೈ ಮೂಲಕ ಎಂಬುದು ಹೊಳೆಯುವ ಹೊತ್ತಿಗೆ, ಅಟ್ಟದ ಮೇಲೆ ನಿಂತು ಏಣಿಯನ್ನು ನಾನೇ ಒದ್ದಾಗಿತ್ತು. ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ಎಲ್ಲವೂ ಮೊದಲಿನಂತಾಗುತ್ತದೆಯಂತೆ. ಆದರೆ ಅದರೊಂದಿಗೆ, ಸಂಪರ್ಕ ಕೊಟ್ಟವರು ತುಂಬಿಸಿಹೋದ ಬಳಕೆದಾರ ಹೆಸರು, ಪಾಸ್‌ವರ್ಡುಗಳೂ ಅಳಿಸಿಹೋಗಬಹುದಾಗಿತ್ತು. ಆ ಸಾಹಸ ಬೇಡವೆಂದು ಬೆಂಗಳೂರು ರಸ್ತೆಗೆ ಹೋಗಿ ವೈಫೈ ಇಲ್ಲದೆಯೂ ರೌಟರಿನಿಂದ ನೆಟ್ ಒಯ್ಯುವ 20 ಮೀಟರ್ ನೀಲಿ ಲ್ಯಾನ್ ಕೇಬಲ್ ತಂದೆ. 100 ಮೀಟರಿನವರೆಗೂ ತೊಂದರೆಯಿಲ್ಲವೆಂದು ಅಂಗಡಿಯವನು ಭರವಸೆ ಕೊಟ್ಟಿದ್ದ. ಅವನ ಮಾತು ನಿಜವೇ. ತೊಂದರೆ ಇದ್ದದ್ದು ತುದಿಯಲ್ಲಿ. ರೌಟರಿಗೆ ನಾಲ್ಕು ತೂತುಗಳಿದ್ದವು, ಮಗಳ ತೆಳ್ಳನೆಯ ಲ್ಯಾಪ್‌ಟಾಪಿಗೆ ಒಂದೂ ಇರಲಿಲ್ಲ. ಮೊಬೈಲಿನ ಮಾತು ಬಿಡಿ. ಕೊನೆಗೆ ಅದು ಕೂಡಿಬಂದದ್ದು ಒಳಕೋಣೆಯ ಟಿವಿಗೆ ಮಾತ್ರ. ಪಡಸಾಲೆಯಿಂದ ಅಲ್ಲಿಯವರೆಗೆ ಮೊಳೆ ಹೊಡೆದು, ತಲೆಗೆ ತಾಗದಂತೆ ಎಳೆದು ಕಟ್ಟಿದೆ.

ಮಧ್ಯಾಹ್ನ ಮಲಗಿ ಎದ್ದು ಬರುವಷ್ಟರಲ್ಲಿ ಅದರ ಮೇಲೆ ಎರಡು ಟವೆಲ್ಲು, ಒಂದು ಲುಂಗಿ ಒಣಗುತ್ತಿದ್ದವು. "ಒಳಗೊಂದು ಹಗ್ಗ ಕಟ್ರಿ ಅಂತ ಎಷ್ಟು ವರ್ಷದಿಂದ ಹೇಳತಿದ್ದೆ, ಚೊಲೋ ಆತು ಬಿಡ್ರಿ" ಎಂದು ನನ್ನಾಕೆ ಮದುವೆಯಾದಂದಿನಿಂದ ಕೇಳಿರದಷ್ಟು ಮೃದುವಾದ ಧ್ವನಿಯಲ್ಲಿ ಹೇಳಿದಳು. ಅದರೊಳಗೆ ಇಂಟರ್‌ನೆಟ್ ಹರಿಯುತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇಷ್ಟಾದರೂ ಮನೆಯಲ್ಲಿ ಯಾರೂ ನೆಟ್ ಇಲ್ಲವೆಂದು ಗೊಣಗದಿರುವುದು ನನ್ನಲ್ಲಿ ಸಂಶಯ ಮೂಡಿಸಿತು. ಮೊಬೈಲ್ ತೆರೆದು ನೋಡಿದರೆ, ಒಂದು ವೈಫೈ ಇದ್ದ ಮನೆಯಲ್ಲಿ ಈಗ ಎರಡಿದ್ದವು. ಮಗಳು ತನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಕನಿಷ್ಠ 8 ಅಕ್ಷರ ಬೇಕೇಬೇಕೆಂದು ಅದು ಹಟ ಹಿಡಿದದ್ದರಿಂದ 12345678 ಎಂದು ಪಾಸ್‌ವರ್ಡ್ ಇಟ್ಟಿದ್ದಳು. ನನ್ನಾಕೆಯ ಹಾಟ್‌ಸ್ಪಾಟಿಗೆ ಆ ತಾಪತ್ರಯವೂ ಇರಲಿಲ್ಲ. ನೆನಪಿಡುವ ಕಷ್ಟ ಯಾಕೆಂದು ಪಾಸ್‌ವರ್ಡನ್ನೇ ತೆಗೆದಿದ್ದಳು.

ಸಂಜೆ ಅಳಿಯ ವಿಡಿಯೊ ಕರೆ ಮಾಡಿದ. ನಡೆದದ್ದನ್ನು ಕೇಳಿ, "ಅಯ್ಯೋ ಮಾಮ, ನಾನು ಆಫ್ ಮಾಡ್ರಿ ಅಂದಿದ್ದು ಡಬ್ಲ್ಯೂಪಿಎಸ್ ಒಂದನ್ನೇ. ವೈಫೈಗೆ ಗಟ್ಟಿ ಪಾಸ್‌ವರ್ಡ್ ಹಾಕಿದ್ರೆ ಸಾಕಿತ್ತು" ಎಂದು ತಲೆ ಚಚ್ಚಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದಹಾಗೆ, ಈಗ ಯಾವ ನೆಟ್‌ನಿಂದ ಮಾತಾಡ್ತಿದೀರಿ?" ಎಂದು ಕೇಳಿದ.

ನಾನು ಕ್ಯಾಮೆರಾವನ್ನು ಮೆಲ್ಲಗೆ ನೀಲಿ ಕೇಬಲಿನತ್ತ ತಿರುಗಿಸಿದೆ. ಲುಂಗಿ ಇನ್ನೂ ಒಣಗಿರಲಿಲ್ಲ.